ಸೇತುವೆಗೆ ವೆಲ್ಲೆಸ್ಲಿ ಹೆಸರು, ಕಲ್ಲು ಕಡಿದವರ ಹೆಸರೇನು?

ನಮಸ್ಕಾರ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ ಶ್ರೀರಂಗಪಟ್ಟಣದಲ್ಲಿ ಎರಡು ಸಲ ಕಾವೇರಿ ದಾಟುತ್ತೇವೆ. ಊರು ದ್ವೀಪ, ಒಳಗೆ ಬರೋಕೂ ಸೇತುವೆ ಬೇಕು, ಹೊರಗೆ ಹೋಗೋಕೂ ಬೇಕು. ಇಲ್ಲಿಗೆ ರೈಲು ಬಂದಿದ್ದು 1880ರ ದಶಕದ ಶುರುವಿನಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಉತ್ತರದ ಕವಲಿನ ಮೇಲೆ ಕಲ್ಲಿನ ಸೇತುವೆಯೊಂದು ನಿಂತಿತ್ತು. ಇವತ್ತಿನ ಮಾತು ಅದರದ್ದೇ.

ಹೆಸರು ವೆಲ್ಲೆಸ್ಲಿ ಸೇತುವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು. 1799ರಲ್ಲಿ ಟಿಪ್ಪು ಸತ್ತು ಕೋಟೆ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವರ ಹೆಸರನ್ನು ಇದಕ್ಕೆ ಇಟ್ಟರು.

ಹತ್ತಿರ ಹೋಗಿ ನೋಡಿ. ಕಮಾನು ಇಲ್ಲ. ಕಲ್ಲಿನ ಕಂಬ, ಅದರ ತಲೆಯ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಇದನ್ನು ಎಲ್ಲೋ ನೋಡಿದ್ದೀವಿ ಅಲ್ವಾ? ನಮ್ಮ ದೇವಸ್ಥಾನದ ಮಂಟಪ! ಕಲ್ಲು ಮೇಲಿಂದ ಬೀಳುವ ಭಾರ ಎಷ್ಟು ಬೇಕಾದರೂ ಹೊರುತ್ತದೆ, ಆದರೆ ಉದ್ದ ಜಾಸ್ತಿಯಾದರೆ ನಡುವೆ ಬಿರುಕು ಬಿಡುತ್ತದೆ. ಅದಕ್ಕೇ ಕಂಬಗಳು ಅಷ್ಟು ಒತ್ತೊತ್ತಾಗಿವೆ. ಬೋದಿಗೆ ಎರಡು ಕಡೆ ಕೈ ಚಾಚಿ ತೊಲೆಯ ಭಾರವನ್ನು ಹಂಚಿಕೊಳ್ಳುತ್ತದೆ. ಮಂಟಪ ಕಟ್ಟಿ ಪಳಗಿದ ಕೈಗಳ ವಿದ್ಯೆ ಇದು, ಹೊಳೆಗೆ ಇಳಿದಿದೆ.

ಈಗ ಆ ಕೈಗಳ ಬಗ್ಗೆ ಯೋಚನೆ ಮಾಡಿ. ಬಂಡೆಯ ಮೇಲೆ ಉಳಿಯಿಂದ ಸಾಲಾಗಿ ಗುಳಿ ಹೊಡೆಯಬೇಕು. ಪ್ರತಿ ಗುಳಿಗೂ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆ ಏಟು ಹಾಕುತ್ತಾ ಹೋಗಬೇಕು. ಏಟಿನ ಸದ್ದು ಬದಲಾದರೆ ಕಲ್ಲು ಸೀಳುತ್ತಿದೆ ಎಂದರ್ಥ. ಮೊಂಡಾದ ಉಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಮತ್ತೆ ಮೊನೆ ಮಾಡಬೇಕು. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದರು, ಕಲ್ಲು ಕೆಲಸದವರು. ಚಪ್ಪಡಿಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇದರೊಳಗೆ ಸೀಳಿದೆ, ಬೇಡ ಕಣಪ್ಪ ಅನ್ನುತ್ತಿದ್ದರು. ಆ ಕಿವಿ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ.

ಅಂಥವರ ಒಂದೇ ಒಂದು ಹೆಸರೂ ನಮಗೆ ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ನೋವು. ರೈಲು ದಾರಿಯದ್ದೂ ಅದೇ ಕತೆ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಸಿಗಲಿ ಎಂದು ಶುರುವಾದ ಕೆಲಸ ಅದು. ಮಣ್ಣು ಹೊತ್ತವರು ಯಾರು? ಯಾರಿಗೂ ನೆನಪಿಲ್ಲ.

ಹಳೆಯದನ್ನು ಉಳಿಸೋದು ನಮ್ಮಿಂದ ಆಗಲ್ಲ ಅಂತಲ್ಲ. 2017ರಲ್ಲಿ ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಒಡೆಯಲಿಲ್ಲ, ಇಡೀ ಕಟ್ಟಡವನ್ನೇ ಎತ್ತಿ ನೂರಾರು ಅಡಿ ಸರಿಸಿದರು. ಅಷ್ಟು ಮಾಡಿದವರಿಗೆ ಈ ಸೇತುವೆಯ ಕಂಬಗಳ ಸಂದಿಯಲ್ಲಿ ಬೇರು ಬಿಡುವ ಗಿಡ ಕೀಳೋದು ದೊಡ್ಡ ಕೆಲಸವೇ? ಪಕ್ಕದಲ್ಲಿ ಒಂದು ಬೋರ್ಡ್ ಹಾಕಿ, ಕಟ್ಟಿದ ಬಗೆಯನ್ನು ಕನ್ನಡದಲ್ಲಿ ಬರೆಯಬಾರದೇ?

ಶ್ರೀರಂಗಪಟ್ಟಣ, ಪಾಂಡವಪುರ ಕಡೆ ಕಲ್ಲು ಕೆಲಸದ ಮನೆತನದವರು ಈ ವಿಡಿಯೋ ನೋಡುತ್ತಿದ್ದರೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ತಾತ, ಮುತ್ತಾತ ಯಾವ ಬಂಡೆಯಲ್ಲಿ ಕಲ್ಲು ತೆಗೆಯುತ್ತಿದ್ದರು? ಉಳಿಗೆ, ಏಟಿಗೆ ಏನೇನು ಹೆಸರಿತ್ತು? ಫೋನಿನಲ್ಲೇ ರೆಕಾರ್ಡ್ ಮಾಡಿ ನನಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವರ ದನಿಯನ್ನೇ ಕೇಳಿಸುತ್ತೇನೆ.