ಫೋಮ್ ವಿಮಾನಕ್ಕೆ ರೆಕ್ಕೆ ಕಟ್ಟುವುದು

ನಮಸ್ಕಾರ ಕೇಳುಗರೇ.

ರೇಡಿಯೋ ಕಂಟ್ರೋಲ್ ವಿಮಾನ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಮೋಟಾರಿನ ಬಗ್ಗೆ. ಆಮೇಲೆ ಬ್ಯಾಟರಿ, ಆಮೇಲೆ ರಿಮೋಟ್. ರೆಕ್ಕೆಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ನನಗೆ ಇದು ತಲೆಕೆಳಗು ಅನ್ನಿಸುತ್ತದೆ. ಮೋಟಾರು ನಿಂತರೂ ರೆಕ್ಕೆ ಚೆನ್ನಾಗಿದ್ದರೆ ವಿಮಾನ ತೇಲಿಕೊಂಡು ಬಂದು ಹುಲ್ಲಿನ ಮೇಲೆ ಕೂರುತ್ತದೆ. ರೆಕ್ಕೆ ಸರಿ ಇಲ್ಲದಿದ್ದರೆ ಎಷ್ಟು ಜೋರಿನ ಮೋಟಾರು ಹಾಕಿದರೂ ಹಾರಿಸುವವರಿಗೆ ನೆಮ್ಮದಿ ಇಲ್ಲ.

ಹಾಗಾಗಿ ಇವತ್ತು ರೆಕ್ಕೆಯದೇ ಮಾತು. ಅದೂ ಫೋಮ್ ರೆಕ್ಕೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಸಣ್ಣ ವಿಮಾನಗಳಲ್ಲಿ ರೆಕ್ಕೆ ಹಗುರವಾಗಿರಬೇಕು, ತಿರುಚಿಕೊಳ್ಳದೆ ನೇರವಾಗಿರಬೇಕು. ಯಾವ ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡ ಸೀಳಿನ ಆಕಾರ ಯಾವುದು ಅನ್ನುವ ಪ್ರಶ್ನೆ ಇವೆರಡೂ ಆದ ಮೇಲೆ.

ಪೆನ್ನು ಕಾಗದ ಹತ್ತಿರ ಇದ್ದರೆ ಒಂದು ಸಣ್ಣ ಲೆಕ್ಕ ಮಾಡೋಣ. ತುದಿಯಿಂದ ತುದಿಗೆ 1 ಮೀಟರ್ ಉದ್ದ, ಮುಂದಿನಿಂದ ಹಿಂದಕ್ಕೆ 20 ಸೆಂಟಿಮೀಟರ್ ಅಗಲದ ರೆಕ್ಕೆ ಇದೆ ಅಂದುಕೊಳ್ಳಿ. ಅದರ ಮೇಲೆ 10 ಸೆಂಟಿಮೀಟರಿನ ಚೌಕಗಳನ್ನು ಎಳೆದರೆ 20 ಚೌಕ ಬರುತ್ತವೆ. ಬ್ಯಾಟರಿ ಸೇರಿ ವಿಮಾನದ ಪೂರ್ತಿ ತೂಕ 600 ಗ್ರಾಂ. ಭಾಗಿಸಿದರೆ ಒಂದೊಂದು ಚೌಕದ ಪಾಲಿಗೆ 30 ಗ್ರಾಂ. ಇದಕ್ಕೆ ವಿಂಗ್ ಲೋಡಿಂಗ್ ಅನ್ನುತ್ತಾರೆ. ಹಾರಿಸಲು ಕಲಿಯುವವರಿಗೆ ಇದು 20ರಿಂದ 35ರ ಒಳಗಿದ್ದರೆ ಒಳ್ಳೆಯದು.

ಈ ಸಂಖ್ಯೆ ಯಾಕೆ ಬೇಕು? ವಿಮಾನ ಬೀಳದೆ ಎಷ್ಟು ನಿಧಾನವಾಗಿ ಹಾರಬಲ್ಲದು ಅನ್ನುವುದನ್ನು ಇದೇ ನಿರ್ಧರಿಸುತ್ತದೆ. ನಮ್ಮ 600 ಗ್ರಾಂ ವಿಮಾನ ಹೆಚ್ಚು ಕಡಿಮೆ ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ಗಾಳಿಯಲ್ಲಿ ನಿಲ್ಲುತ್ತದೆ. ಅದೇ ರೆಕ್ಕೆಗೆ 1200 ಗ್ರಾಂ ಹೇರಿದರೆ ಆ ವೇಗ 35ಕ್ಕೆ ಹೋಗುತ್ತದೆ. ಇಳಿಸುವಾಗ ಈ 10 ಕಿಲೋಮೀಟರ್ ಬಹಳ ದೊಡ್ಡದು. ತಪ್ಪು ಸರಿಪಡಿಸಿಕೊಳ್ಳುವುದಕ್ಕೆ ಸಿಗುವ ಸಮಯ ಅಷ್ಟು ಕಡಿಮೆಯಾಗುತ್ತದೆ, ನೆಲಕ್ಕೆ ತಗುಲಿದಾಗ ಏಟೂ ಜೋರಾಗಿರುತ್ತದೆ. ಬಣ್ಣದ ಇನ್ನೊಂದು ಕೋಟ್ ಬಳಿಯುವ ಮೊದಲು, ಅಂಟು ಇನ್ನೊಂದು ಸುತ್ತು ಹಾಕುವ ಮೊದಲು ಇದು ನೆನಪಿರಲಿ.

ಇನ್ನು ರೆಕ್ಕೆಯ ಆಕಾರ. ತುದಿಗೆ ಹೋಗುತ್ತಾ ಕಿರಿದಾಗುವ ರೆಕ್ಕೆ ನೋಡಲು ಚಂದ, ನಿಜ. ಆದರೆ ಮೊದಲ ವಿಮಾನಕ್ಕೆ ಹಲಗೆಯ ಹಾಗೆ ಉದ್ದಕ್ಕೂ ಒಂದೇ ಅಗಲದ ರೆಕ್ಕೆಯನ್ನೇ ನಾನು ಹೇಳುತ್ತೇನೆ. ಕಾರಣ ಇದೆ. ವೇಗ ಕಡಿಮೆಯಾಗಿ ಮೂತಿ ಮೇಲೆದ್ದಾಗ ಒಂದು ಹಂತದಲ್ಲಿ ರೆಕ್ಕೆಯ ಮೇಲಿನ ಗಾಳಿ ಅಂಟಿಕೊಂಡು ಹರಿಯುವುದನ್ನು ಬಿಡುತ್ತದೆ. ಅದೇ ಸ್ಟಾಲ್. ಒಂದೇ ಅಗಲದ ರೆಕ್ಕೆಯಲ್ಲಿ ಇದು ನಡುವಿನಲ್ಲಿ, ಬಾಡಿಯ ಹತ್ತಿರ ಶುರುವಾಗುತ್ತದೆ. ಮೂತಿ ಮೆಲ್ಲಗೆ ಕೆಳಗೆ ಬಾಗಿ, ವಿಮಾನ ವೇಗ ಪಡೆದು ತಾನೇ ಸರಿಹೋಗುತ್ತದೆ. ತುದಿ ತೀರಾ ಕಿರಿದಾಗಿದ್ದರೆ ಸ್ಟಾಲ್ ತುದಿಯಲ್ಲೇ ಶುರುವಾಗಬಹುದು. ಆಗ ಒಂದು ಪಕ್ಕ ಸಟ್ಟನೆ ಬಿದ್ದು ವಿಮಾನ ಸುರುಳಿ ಸುತ್ತುತ್ತದೆ. ಕಿರಿದಾದ ತುದಿಯೇ ಬೇಕು ಅನ್ನುವವರು ಅಲ್ಲಿ ಹಿಂದಿನ ಅಂಚನ್ನು 2 ಡಿಗ್ರಿಯಷ್ಟು ಮೇಲಕ್ಕೆ ತಿರುಚಬೇಕು, ಎರಡೂ ಪಕ್ಕ ಸಮನಾಗಿ. ವಾಶ್‌ಔಟ್ ಅಂದರೆ ಇದೇ.

ಏರ್‌ಫಾಯಿಲ್ ಅಂದರೆ ರೆಕ್ಕೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಆಕಾರ. ಇದರ ಬಗ್ಗೆ ಎಷ್ಟು ಬೇಕಾದರೂ ಓದಬಹುದು. ಆದರೆ ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಸಣ್ಣ ರೆಕ್ಕೆ ನಿಧಾನವಾಗಿ ಹಾರುವಾಗ ಗಾಳಿ ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಇದನ್ನು ಅಳೆಯಲು ರೆನಾಲ್ಡ್ಸ್ ಸಂಖ್ಯೆ ಅಂತ ಇದೆ. 20 ಸೆಂಟಿಮೀಟರ್ ಅಗಲದ ರೆಕ್ಕೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋದರೆ ಅದು ಸುಮಾರು 1 ಲಕ್ಷ 40 ಸಾವಿರ. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಲೆಕ್ಕ ಕೋಟಿಗಳಲ್ಲಿ. ಅಲ್ಲಿ ಗೆದ್ದ ದಪ್ಪ ರೆಕ್ಕೆ ಇಲ್ಲಿ ಗೆಲ್ಲಬೇಕು ಅಂತೇನೂ ಇಲ್ಲ. ನಮ್ಮ ಅಳತೆಯಲ್ಲಿ ತೆಳ್ಳಗಿನ, ಸ್ವಲ್ಪ ಬಾಗಿದ ರೆಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಪ್ಪಟೆ ತಟ್ಟೆಗಿಂತ ಬಾಗಿದ ತಟ್ಟೆ ಮೇಲು ಅಂತ ಜರ್ಮನಿಯ ಆಟೋ ಲಿಲಿಯೆಂಥಾಲ್ ಅಳತೆಗಳ ಸಮೇತ 1889ರಲ್ಲೇ ಪ್ರಕಟಿಸಿದ್ದರು. 1901ರಲ್ಲಿ ರೈಟ್ ಸಹೋದರರು ತಾವೇ ಒಂದು ಗಾಳಿಸುರಂಗ ಕಟ್ಟಿ, ಪುಟ್ಟ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ಅಳೆದು ನೋಡಿದರು. ನಾವು ಕೈಯಲ್ಲಿ ಹಿಡಿಯುವ ಫೋಮ್ ರೆಕ್ಕೆ ಆ ಅಳತೆಗಳಿಗೆ ಇವತ್ತಿನ ಜೆಟ್ ವಿಮಾನಕ್ಕಿಂತ ಹತ್ತಿರ. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ಬಳಕೆಯಲ್ಲಿರುವ ಎರಡು ಆಕಾರ ಹೇಳುತ್ತೇನೆ. ಒಂದು ಕ್ಲಾರ್ಕ್ ವೈ. ವರ್ಜಿನಿಯಸ್ ಕ್ಲಾರ್ಕ್ 1922ರಲ್ಲಿ ರೂಪಿಸಿದ್ದು. ದಪ್ಪ ಅಗಲದ ಶೇಕಡಾ 11.7. ಕೆಳಭಾಗ ಬಹುಪಾಲು ಚಪ್ಪಟೆ. ಹಾಗಾಗಿ ಮೇಜಿನ ಮೇಲೆ ಇಟ್ಟು ಕಟ್ಟಲು ಸುಲಭ. ಇನ್ನೊಂದು ಮೆಟ್ಟಿಲಿನ ರೆಕ್ಕೆ. ಕ್ಲೈನ್ ಮತ್ತು ಫೋಗಲ್‌ಮನ್ ಅನ್ನುವ ಇಬ್ಬರು ಅಮೆರಿಕನ್ನರಿಗೆ 1972ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಶುರುವಾದದ್ದು ಕಾಗದದ ವಿಮಾನದಿಂದ. ಫೋಮ್‌ನಲ್ಲಿ ಇದನ್ನು ಮಾಡುವುದು ತೀರಾ ಸರಳ. ಒಂದು ಹಾಳೆಯ ಮೇಲೆ, ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಹಾಳೆ ಅಂಟಿಸಿ ಮುಂದಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದರೆ ಆಯಿತು. ಗಾಳಿಯ ತಡೆ ಇದರಲ್ಲಿ ಜಾಸ್ತಿ, ಅದನ್ನು ಮುಚ್ಚಿಡಬಾರದು. ಆದರೂ ಎರಡು ಪದರ ಇರುವುದರಿಂದ ಗಟ್ಟಿ, ಸ್ಟಾಲ್ ಕೂಡ ಸೌಮ್ಯ. ಒಂದೇ ಸಂಜೆಯಲ್ಲಿ ರೆಕ್ಕೆ ಮುಗಿಸಬೇಕು ಅನ್ನುವವರಿಗೆ ಇದೇ ಸರಿ.

ಫೋಮ್‌ನಲ್ಲಿ ಮುಖ್ಯವಾಗಿ ಎರಡು ಕುಲ. ಥರ್ಮಾಕೋಲ್, ಡೆಪ್ರಾನ್ ಅನ್ನುವ ಫೋಮ್ ಹಾಳೆ, ಕಾಗದ ಅಂಟಿಸಿದ ಫೋಮ್ ಬೋರ್ಡ್ ಇವೆಲ್ಲ ಪಾಲಿಸ್ಟೈರಿನ್. ಹಗುರ, ಉಜ್ಜಿದರೆ ನುಣುಪಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಮುರಿಯುತ್ತದೆ. 6 ಮಿಲಿಮೀಟರ್ ಡೆಪ್ರಾನ್ ಒಂದು ಚದರ ಮೀಟರಿಗೆ ಸುಮಾರು 200 ಗ್ರಾಂ. ಇನ್ನೊಂದು ಇಪಿಪಿ, ಅಂದರೆ ಪಾಲಿಪ್ರೊಪಿಲೀನ್ ಫೋಮ್. ಇದು ನೆಲಕ್ಕೆ ಬಿದ್ದರೂ ಪುಟಿದು ಮೊದಲಿನ ಆಕಾರಕ್ಕೆ ಬರುತ್ತದೆ, ಆದರೆ ಬಾಗುವುದು ಜಾಸ್ತಿ. ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಸಾಮಾನ್ಯ ಇನ್‌ಸ್ಟಂಟ್ ಗ್ಲೂ ಪಾಲಿಸ್ಟೈರಿನ್ ಮೇಲೆ ಬಿದ್ದರೆ ಫೋಮ್ ಕರಗಿ ಗುಳಿ ಬೀಳುತ್ತದೆ. ಸ್ಪ್ರೇ ಪೇಂಟ್‌ಗಳೂ ಹಾಗೇ. ಫೋಮ್‌ಗಾಗಿಯೇ ಮಾಡಿದ ಅಂಟು, ಎಪಾಕ್ಸಿ, ಹದವಾಗಿ ಕಾದ ಗ್ಲೂ ಗನ್ ಇವು ನಡೆಯುತ್ತವೆ. ಯಾವುದನ್ನೇ ಆಗಲಿ, ಉಳಿದ ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಕೆಲಸ, ಬಿಸಿ ತಂತಿಯಲ್ಲಿ ರೆಕ್ಕೆ ಕೊಯ್ಯುವುದು. ಫೋಮ್ ದಿಮ್ಮಿಯ ಎರಡು ತುದಿಗೂ ಏರ್‌ಫಾಯಿಲ್ ಆಕಾರದಲ್ಲಿ ಕತ್ತರಿಸಿದ ತೆಳು ಪ್ಲೈವುಡ್ ಅಚ್ಚು ಚುಚ್ಚಿ ನಿಲ್ಲಿಸುತ್ತಾರೆ. ಬಿಲ್ಲಿಗೆ ಬಿಗಿದ ನೈಕ್ರೋಮ್ ತಂತಿಗೆ ಕರೆಂಟ್ ಹರಿಸಿ, ಎರಡೂ ಅಚ್ಚಿನ ಮೇಲೆ ಜಾರಿಸುತ್ತಾ ಹೋಗುತ್ತಾರೆ. ಅಚ್ಚಿನ ಅಂಚಿನಲ್ಲಿ 1ರಿಂದ 10ರವರೆಗೆ ಗುರುತು ಹಾಕಿಕೊಳ್ಳಿ. ಇಬ್ಬರು ಆಚೆ ಈಚೆ ನಿಂತು, ಒಬ್ಬರು ಅಂಕಿ ಕೂಗುತ್ತಾ ಹೋಗಬೇಕು. ಮೂರು ಅಂದಾಗ ಇಬ್ಬರ ತಂತಿಯೂ ಮೂರರ ಮೇಲೇ ಇರಬೇಕು. ತಂತಿ ಹದವಾಗಿ ಕಾದಿದ್ದರೆ ಸಣ್ಣಗೆ ಸುಯ್ ಅನ್ನುತ್ತಾ ತನ್ನಷ್ಟಕ್ಕೆ ಸಾಗುತ್ತದೆ, ತಳ್ಳಬೇಕಾಗಿಲ್ಲ. ತಳ್ಳುತ್ತಿದ್ದೀರಿ ಅಂದರೆ ಕಾವು ಕಡಿಮೆ. ಆಗ ನಡುವಿನ ತಂತಿ ಹಿಂದೆ ಉಳಿದು ರೆಕ್ಕೆಯ ನಡುಭಾಗದ ಆಕಾರ ಕೆಡುತ್ತದೆ. ಕಾವು ಜಾಸ್ತಿಯಾದರೆ ಫೋಮ್ ಬೇಕಿದ್ದಕ್ಕಿಂತ ಹೆಚ್ಚು ಕರಗಿ ರೆಕ್ಕೆ ತೆಳ್ಳಗಾಗುತ್ತದೆ. ಹೊಗೆ ಒಳ್ಳೆಯದಲ್ಲ. ಕಿಟಕಿ ತೆಗೆದಿರಲಿ, ಗಾಳಿ ಆಡುತ್ತಿರಲಿ.

ಕೊಯ್ದ ಮೇಲೆ ರೆಕ್ಕೆಯ ಮೇಲೊಂದು ಕೆಳಗೊಂದು ಫೋಮ್ ಚಿಪ್ಪು ಉಳಿಯುತ್ತದಲ್ವಾ, ಅದನ್ನು ಎಸೆಯಬೇಡಿ. ಆ ಚಿಪ್ಪಿಗೆ ರೆಕ್ಕೆಯ ಮೈ ಸರಿಯಾಗಿ ಕೂರುತ್ತದೆ. ರೆಕ್ಕೆಗೆ ಬಲ ಕೊಡುವ ಉದ್ದ ಪಟ್ಟಿ, ಅಂದರೆ ಸ್ಪಾರ್, ಅಂಟಿಸಿದ ಮೇಲೆ ರೆಕ್ಕೆಯನ್ನು ಕೆಳಗಿನ ಚಿಪ್ಪಿನಲ್ಲಿ ಮಲಗಿಸಿ, ಮೇಲಿನದನ್ನು ಮುಚ್ಚಿ, ಸಮತಟ್ಟಾದ ಮೇಜಿನ ಮೇಲೆ ಭಾರ ಹೇರಿ ಅಂಟು ಪೂರ್ತಿ ಒಣಗುವವರೆಗೆ ಬಿಡಿ. ರೆಕ್ಕೆ ನೇರ ಬರುವುದು ಇಲ್ಲಿ.

ಸ್ಪಾರ್ ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಬೆನ್ನೆಲುಬು. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ, 10 ಮೀಟರ್ ತ್ರಿಜ್ಯದ ಲೂಪ್ ಹಾಕಿದರೆ ಅದರ ತಳದಲ್ಲಿ ನಮ್ಮ 600 ಗ್ರಾಂ ವಿಮಾನ ರೆಕ್ಕೆಗೆ ಸುಮಾರು 2 ಕಿಲೋ ಆಗಿ ತೂಗುತ್ತದೆ. ಬರೀ ಫೋಮ್ ಅದನ್ನು ತಡೆಯಲಾರದು. ರೆಕ್ಕೆ ಮೇಲಕ್ಕೆ ಬಾಗುವಾಗ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಆದ್ದರಿಂದ ನಡುವಿನಲ್ಲಿ ಒಂದೇ ಕಡ್ಡಿ ಇಡುವುದಕ್ಕಿಂತ ಮೇಲೊಂದು ಕೆಳಗೊಂದು ತೆಳು ಕಾರ್ಬನ್ ಪಟ್ಟಿ ಇಟ್ಟರೆ ಅಷ್ಟೇ ತೂಕಕ್ಕೆ ಎಷ್ಟೋ ಗಟ್ಟಿ. ಜಾಗ, ರೆಕ್ಕೆ ದಪ್ಪವಿರುವ ಕಡೆ, ಮುಂದಿನ ಅಂಚಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ. ಬಾಗುವ ಹೊರೆ ಅತಿ ಹೆಚ್ಚು ಬೀಳುವುದು ನಡುವಿನಲ್ಲಿ. ಅಲ್ಲಿಯೇ ಸ್ಪಾರ್ ತುಂಡಾಗಿದ್ದರೆ ಜೋಡಣೆಗೆ ಬಲ ಕೊಡಲೇಬೇಕು. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ, ಅದರ ಪುಡಿ ಎದೆಗೆ ಹೋಗಬಾರದು.

ಎರಡೂ ತುದಿ ಸ್ವಲ್ಪ ಮೇಲೆದ್ದಿದ್ದರೆ ವಿಮಾನ ವಾಲಿದರೂ ಮತ್ತೆ ಮಟ್ಟಕ್ಕೆ ಬರುತ್ತದೆ. ಇದು ಡೈಹೆಡ್ರಲ್. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗೆ ಏಲೆರಾನ್, ಬಾಲದಲ್ಲಿ ಎಡಕ್ಕೆ ಬಲಕ್ಕೆ ಆಡುವ ಪಟ್ಟಿಗೆ ರಡ್ಡರ್ ಅನ್ನುತ್ತಾರೆ. ಏಲೆರಾನ್ ಇಲ್ಲದೆ ರಡ್ಡರ್‌ನಿಂದಲೇ ತಿರುಗುವ ವಿಮಾನವಾದರೆ, ನಮ್ಮ 1 ಮೀಟರ್ ರೆಕ್ಕೆಯಲ್ಲಿ ಒಂದೊಂದು ತುದಿ 4ರಿಂದ 6 ಸೆಂಟಿಮೀಟರ್ ಎತ್ತರದಲ್ಲಿರಲಿ. ಏಲೆರಾನ್ ಇದ್ದರೆ 2 ಸೆಂಟಿಮೀಟರ್ ಸಾಕು. ಏಲೆರಾನ್ ಅಗಲ ರೆಕ್ಕೆಯ ಅಗಲದ ಐದನೇ ಒಂದು ಭಾಗ ಇದ್ದರೆ ಆಯಿತು, ಟೇಪ್‌ನದೇ ಕೀಲು ಮಾಡಬಹುದು.

ತಿರುಚು ನೋಡುವುದು ಹೀಗೆ. ವಿಮಾನವನ್ನು ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಬಗ್ಗಿ, ಕಣ್ಣನ್ನು ರೆಕ್ಕೆಯ ಮಟ್ಟಕ್ಕೆ ತಂದು ಬಾಲದ ಕಡೆಯಿಂದ ನೋಡಿ. ಒಂದೇ ಕಣ್ಣು ತೆರೆದಿರಲಿ. ಹಿಂದಿನ ಅಂಚಿನ ಗೆರೆಯ ಮೇಲೆ ರೆಕ್ಕೆಯ ಬೆನ್ನು ಎಡಕ್ಕೆ ಎಷ್ಟು ಕಾಣುತ್ತದೋ ಬಲಕ್ಕೂ ಅಷ್ಟೇ ಕಾಣಬೇಕು. ಒಂದು ತುದಿಯಲ್ಲಿ ಬೆನ್ನು ಕಡಿಮೆ ಕಂಡರೆ ಅಲ್ಲಿ ಹಿಂದಿನ ಅಂಚು ಮೇಲೆದ್ದಿದೆ. ಆ ಪಕ್ಕಕ್ಕೆ ಏರುಬಲ ಕಡಿಮೆ, ವಿಮಾನ ಆ ಕಡೆಗೇ ವಾಲುತ್ತದೆ. ಎಷ್ಟೋ ಸಲ ಇದು ಟೇಪ್‌ನ ಕೆಲಸ. ಟೇಪನ್ನು ಎಳೆದು ಅಂಟಿಸಿದರೆ ಅದು ಕುಗ್ಗಿ ಫೋಮನ್ನು ಬಾಗಿಸುತ್ತದೆ. ಕಿತ್ತು, ರೆಕ್ಕೆಯನ್ನು ನೇರ ಹಿಡಿದು, ಎಳೆಯದೆ ಸುಮ್ನೆ ಇಟ್ಟ ಹಾಗೆ ಮತ್ತೆ ಅಂಟಿಸಿ.

ಕೊನೆಯದು ತೂಕದ ನಡು. 20 ಸೆಂಟಿಮೀಟರ್ ಅಗಲದ ನೇರ ರೆಕ್ಕೆಗೆ ಮುಂದಿನ ಅಂಚಿನಿಂದ 5ರಿಂದ 6 ಸೆಂಟಿಮೀಟರ್ ಹಿಂದೆ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಬಾಲವಿಲ್ಲದ, ಬರೀ ರೆಕ್ಕೆಯ ವಿಮಾನಕ್ಕೆ ಈ ಲೆಕ್ಕ ಹಿಡಿಯಬೇಡಿ, ಅದಕ್ಕೆ ಇನ್ನೂ ಮುಂದೆ ಬೇಕು.

ಆಮೇಲೆ ಗಾಳಿ ಇಲ್ಲದ ಹೊತ್ತಿನಲ್ಲಿ, ಉದ್ದ ಹುಲ್ಲಿರುವ ಕಡೆ ಮೋಟಾರು ಹಾಕದೆ, ಮೂತಿ ಒಂದಿಷ್ಟೇ ಕೆಳಗೆ ಮಾಡಿ ನೇರಕ್ಕೆ ಎಸೆಯಿರಿ. ಮೂತಿ ಎತ್ತಿ ನಿಂತು ಕುಸಿದರೆ ಬ್ಯಾಟರಿ ಇನ್ನಷ್ಟು ಮುಂದಕ್ಕೆ. ನೆಲದ ಕಡೆಗೇ ನುಗ್ಗಿದರೆ ಸ್ವಲ್ಪ ಹಿಂದಕ್ಕೆ. ಪ್ರತಿ ಸಲವೂ ಒಂದೇ ಪಕ್ಕಕ್ಕೆ ತಿರುಗಿದರೆ ರಿಮೋಟಿನ ಟ್ರಿಮ್, ಅಂದರೆ ಏಲೆರಾನ್ ರಡ್ಡರ್‌ಗಳ ನಿಲುವನ್ನು ಚೂರು ಚೂರೇ ಸರಿಸುವ ಗುಂಡಿ, ಮುಟ್ಟಬೇಡಿ. ಮೊದಲು ವಿಮಾನವನ್ನು ಮತ್ತೆ ಮೇಜಿನ ಮೇಲಿಟ್ಟು ಬಾಲದ ಕಡೆಯಿಂದ ನೋಡಿ, ತಿರುಚು ತೆಗೆಯಿರಿ. ಅದಾದ ಮೇಲೂ ತಿರುಗುತ್ತಿದ್ದರೆ ಟ್ರಿಮ್.

ನಮಸ್ಕಾರ.