ಮೆಣಸಿನ ಬಳ್ಳಿ ಯಾಕೆ ಹಳದಿಯಾಯಿತು?

ನಮಸ್ಕಾರ. ಕೊಡಗಿನ ಮಾದಾಪುರದಲ್ಲಿ ಮಳೆ ಸ್ವಲ್ಪ ಬಿಟ್ಟಿದೆ, ಕರೆಂಟೂ ಬಂದಿದೆ. ಅದು ಹೋಗುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ.

ಮೇ ಕೊನೆಯಲ್ಲಿ ಕಾಳುಮೆಣಸಿನ ಬಳ್ಳಿಗೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಅಳತೆ ಮರೆತಿದ್ದೆ. ಮೊಬೈಲ್‌ನಲ್ಲಿ ಹುಡುಕಿದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು.

ಆಗಸ್ಟ್‌ನಲ್ಲಿ ಗೇಟಿನ ಹತ್ತಿರದ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಹಳದಿಯಾಯಿತು. ಅದೇ ಅಭ್ಯಾಸದಲ್ಲಿ ‘ಮೆಣಸಿನ ಬಳ್ಳಿ ಎಲೆ ಹಳದಿ’ ಅಂತ ಹುಡುಕಿದೆ. ಮೊದಲು ಬಂದದ್ದು ಶೀಘ್ರ ಸೊರಗು ರೋಗ. ನಂಬಿದೆ, ಬುಡಕ್ಕೆ ಔಷಧಿ ಹಾಕಿದೆ. ಹದಿನೈದು ದಿನದಲ್ಲಿ ಪಕ್ಕದ ಬಳ್ಳಿಯೂ ಹಳದಿ!

ಅಳತೆ ಹುಡುಕುವಾಗ ನನಗೆ ಏನು ಬೇಕು ಅಂತ ಗೊತ್ತಿತ್ತು. ಬಳ್ಳಿ ವಿಷಯದಲ್ಲಿ ಏನು ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ. ಎರಡಕ್ಕೂ ಒಂದೇ ರೀತಿ ಹುಡುಕಿದೆ. ನಾವೆಲ್ಲ ಹೀಗೇ ಮಾಡುತ್ತೇವೆ, ಅಲ್ವಾ? ಈಗಂತೂ ಏನೇ ಹುಡುಕಿದರೂ ಮೊಬೈಲ್ ಪರದೆಯ ಮೇಲ್ಭಾಗದಲ್ಲೇ ನಾಲ್ಕು ಸಾಲಿನ ಉತ್ತರ ಬಂದು ಕೂರುತ್ತದೆ. ಕಷ್ಟದ ಪ್ರಶ್ನೆಯೂ ಸುಲಭದ್ದರ ಹಾಗೆ ಕಾಣುತ್ತದೆ. ನನಗೆ ಭಯ ಆಗುವುದು ಅದಕ್ಕೇ.

ಫಿನ್‌ಲೆಂಡಿನ ಬಿಸ್ಟ್ರಮ್ ಮತ್ತು ಯಾರ್ವೆಲಿನ್ ಅನ್ನುವ ಇಬ್ಬರು ಸಂಶೋಧಕರು ಸುಲಭದ ಹುಡುಕಾಟ, ಕಷ್ಟದ ಹುಡುಕಾಟ ಒಂದೇ ಅಲ್ಲ ಅನ್ನೋದನ್ನು 1995ರಲ್ಲೇ, ಗೂಗಲ್ ಹುಟ್ಟುವ ಮೊದಲೇ, ಬರೆದಿದ್ದಾರೆ. ಕೆಲಸ ಜಟಿಲವಾದಷ್ಟೂ ಜನ ಜಾಸ್ತಿ ಕಡೆ ಹುಡುಕುತ್ತಾರೆ, ತಿಳಿದವರ ಕಡೆಗೆ, ಪುಸ್ತಕಗಳ ಕಡೆಗೆ ಹೋಗುತ್ತಾರೆ. ಆದರೂ ಬೇಕಾದದ್ದು ಸಿಗುವುದು ಕಡಿಮೆ. ಹಾಗಾಗಿ ನಾಲ್ಕು ಸಲ ಪದ ಬದಲಿಸಿ ಹುಡುಕುವವರಿಗೆ ‘ನಿಮಗೆ ಹುಡುಕೋಕೆ ಬರಲ್ಲ’ ಅನ್ನಬೇಡಿ. ಅವರ ಪ್ರಶ್ನೆ ಅಷ್ಟು ಕಷ್ಟದ್ದು.

ನಾನು ಆಮೇಲೆ ಬುಡದ ಮಣ್ಣು ಕೆದಕಿದೆ. ಎಳೆ ಬೇರಿನ ಮೇಲೆ ರಾಗಿ ಕಾಳಿನಷ್ಟು ಸಣ್ಣ ಗಂಟುಗಳು. ‘ಬೇರಿನಲ್ಲಿ ಗಂಟು’ ಅಂತ ಹುಡುಕಿದಾಗ ‘ಜಂತುಹುಳು’ ಅನ್ನುವ ಪದ ಸಿಕ್ಕಿತು. ಅಂದರೆ ಬೇರಿಗೆ ಬೀಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಆ ಪದ ಹಿಡಿದು ಹೋದರೆ ‘ನಿಧಾನ ಸೊರಗು’ ಅನ್ನುವ ರೋಗ ಸಿಕ್ಕಿತು. ಶೀಘ್ರ ಸೊರಗು ಬಂದರೆ ಬಳ್ಳಿ ಕೆಲವೇ ವಾರದಲ್ಲಿ ಹೋಗುತ್ತದೆ. ನಿಧಾನ ಸೊರಗು ವರ್ಷಗಟ್ಟಲೆ ಎಳೆಯುತ್ತದೆ. ಈ ಪದಗಳು ಮೊದಲ ದಿನ ನನ್ನ ಹತ್ತಿರ ಇರಲೇ ಇಲ್ಲ. ಮಣ್ಣಿಗೆ ಕೈ ಹಾಕಿದ ಮೇಲೆ ಒಂದೊಂದಾಗಿ ಸಿಕ್ಕವು.

ಆದರೂ ಇದೇ ರೋಗ ಅಂತ ನಾನು ಹೇಳಲಾರೆ. ಬೇರು, ಮಣ್ಣು ಎರಡನ್ನೂ ಕವರಿಗೆ ಹಾಕಿ ಇಟ್ಟಿದ್ದೇನೆ. ಸೋಮವಾರ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಹೋಗುತ್ತೇನೆ. ಕೇಳಬೇಕಾದ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.