ಅಪೀಲು ಯಾರ ಮೇಲೆ?

ಕೇಳುಗರಿಗೆ ನಮಸ್ಕಾರ. ಕೋರ್ಟಿನ ಮೆಟ್ಟಿಲು ಹತ್ತದವರಿಗೂ ಅಪೀಲು ಅಂದರೆ ಏನು ಅಂತ ಗೊತ್ತು. ಕೇಸು ಸೋತರೆ ಮೇಲಿನ ಕೋರ್ಟಿಗೆ ಹೋಗೋದು, ಅಷ್ಟೇ ಅಲ್ವಾ? ಆದರೆ ಹಳೇ ಇಂಗ್ಲೆಂಡಿನಲ್ಲಿ ಒಂದು ಬಗೆಯ ಅಪೀಲು ಮೇಲಕ್ಕೆ ಹೋಗುತ್ತಿರಲಿಲ್ಲ, ಎದುರಾಳಿಯ ಮೇಲೆ ಬೀಳುತ್ತಿತ್ತು!

ಪದದ ಬೇರು ಲ್ಯಾಟಿನ್‌ನ ಅಪೆಲ್ಲಾರೆ. ಅಂದರೆ ಕರೆಯೋದು, ಹೆಸರು ಹಿಡಿದು ಕೂಗೋದು. ಒಬ್ಬ ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ರೋಮಿನವರು ಇನ್ನೊಬ್ಬ ಅಧಿಕಾರಿಯನ್ನು ಕರೆಯುತ್ತಿದ್ದರು. ಇಂಗ್ಲೆಂಡಿನವರು ಮಾತ್ರ, "ನಮ್ಮವರನ್ನು ಕೊಂದವನು ಇವನೇ" ಅಂತ ಮನೆಯವರೇ ನೇರವಾಗಿ ಆರೋಪ ಹೊರಿಸಿ ಒಬ್ಬನನ್ನು ಕೋರ್ಟಿಗೆ ಎಳೆಯೋದನ್ನೂ ಅಪೀಲು ಅಂದರು.

1817ರಲ್ಲಿ ಹೀಗಾಯಿತು. ಮೇರಿ ಆಶ್‌ಫರ್ಡ್ ಎಂಬ ಹುಡುಗಿಯ ಕೊಲೆ ಕೇಸಿನಲ್ಲಿ ಅಬ್ರಹಾಂ ಥಾರ್ನ್‌ಟನ್ ಖುಲಾಸೆಯಾದ. ಅವಳ ಅಣ್ಣ ವಿಲಿಯಂ ಸುಮ್ಮನಾಗಲಿಲ್ಲ, ಅಪೀಲು ಹಾಕಿದ. ನಿರಪರಾಧಿಯೋ ಅಪರಾಧಿಯೋ ಅಂತ ಕೇಳಿದಾಗ ಥಾರ್ನ್‌ಟನ್ ಒಂದು ಚರ್ಮದ ಕೈಗವಸು ಹಾಕಿಕೊಂಡು, ಇನ್ನೊಂದನ್ನು ನ್ಯಾಯಾಧೀಶರ ಮುಂದೆಯೇ ನೆಲಕ್ಕೆ ಎಸೆದ. ಬಾ, ಕಾದಾಡಿ ತೀರ್ಮಾನ ಮಾಡೋಣ ಅಂತ ಅದರರ್ಥ. ತಮಾಷೆ ಅಂದರೆ, ಕಾದಾಡಿ ಕೇಸು ತೀರ್ಮಾನಿಸುವ, ಎಲ್ಲರೂ ಮರೆತಿದ್ದ ಆ ಕಾನೂನು ಇನ್ನೂ ಜೀವಂತವಾಗಿತ್ತು, ಕೋರ್ಟು 1818ರಲ್ಲಿ ಅದನ್ನು ಒಪ್ಪಲೇಬೇಕಾಯಿತು! ವಿಲಿಯಂ ಕಾದಾಟಕ್ಕೆ ಇಳಿಯಲಿಲ್ಲ, ಥಾರ್ನ್‌ಟನ್ ಮನೆಗೆ ಹೋದ. ಮಾರನೇ ವರ್ಷವೇ ಪಾರ್ಲಿಮೆಂಟು ಈ ಬಗೆಯ ಅಪೀಲನ್ನೂ ಕಾದಾಟವನ್ನೂ ರದ್ದು ಮಾಡಿತು.

ನಮಗೆ ಬಂದದ್ದು ಮೇಲಕ್ಕೆ ಹೋಗುವ ಅಪೀಲು. ಸಿವಿಲ್ ಕೇಸು ನಡೆಸುವ ಕ್ರಮ ಹೇಳುವ 1908ರ ಕಾನೂನು, ಸಿವಿಲ್ ಪ್ರಕ್ರಿಯಾ ಸಂಹಿತೆ, ಇದರ ಬಗ್ಗೆ ಪುಟಗಟ್ಟಲೆ ಹೇಳುತ್ತದೆ, ಆದರೆ ಅಪೀಲು ಎಂದರೇನು ಅಂತ ಎಲ್ಲೂ ವಿವರಿಸೋದಿಲ್ಲ. ಕೊನೆಗೆ 1932ರಲ್ಲಿ, ಆಗ ನಮ್ಮ ಕೇಸುಗಳಿಗೂ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಕೆಳಗಿನ ಕೋರ್ಟಿನ ತೀರ್ಪು ತಳ್ಳಿಹಾಕಿ ಇಲ್ಲವೇ ಬದಲಿಸಿ ಅಂತ ಮೇಲಿನ ಕೋರ್ಟನ್ನು ಕೇಳೋದೇ ಅಪೀಲು ಅಂತ ಹೇಳಬೇಕಾಯಿತು. ಕನ್ನಡದ ಮೇಲ್ಮನವಿಯಲ್ಲಿ ದಿಕ್ಕೇನೋ ಸರಿಯಾಗಿದೆ, ನನಗೆ ತಕರಾರು ಇರುವುದು ಮನವಿ ಅನ್ನೋದರ ಬಗ್ಗೆ. ಕೈಮುಗಿದು ಬೇಡಿದ ಹಾಗೆ ಕೇಳಿಸುತ್ತೆ. ಆದರೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟು ಕೊಟ್ಟ ತೀರ್ಮಾನದ, ವಿರುದ್ಧದ ಮೊದಲ ಅಪೀಲು ಅದೇ ಸಂಹಿತೆಯ 96ನೇ ಸೆಕ್ಷನ್ ಕೊಟ್ಟ ಹಕ್ಕು. ಎರಡನೆಯದಕ್ಕೆ ಬಾಗಿಲು ಚಿಕ್ಕದು, 1976ರ ತಿದ್ದುಪಡಿಯಾದ ಮೇಲಂತೂ ಗಂಭೀರವಾದ ಕಾನೂನಿನ ಪ್ರಶ್ನೆ ಇದ್ದರಷ್ಟೇ ತೆರೆಯುತ್ತದೆ.

ಹಳೇ ಅರ್ಥ ಪೂರ್ತಿ ಸತ್ತಿಲ್ಲ, ಕ್ರಿಕೆಟ್ ಮೈದಾನದಲ್ಲಿದೆ. ಫೀಲ್ಡರುಗಳು ಕೂಗದಿದ್ದರೆ ಅಂಪೈರ್ ಔಟ್ ಕೊಡುವ ಹಾಗಿಲ್ಲ. ಆ ಕೂಗೇ ಅಪೀಲು, ಬ್ಯಾಟರ್ ಮೇಲೆ ಹೊರಿಸುವ ಆರೋಪ. ತೀರ್ಪು ಒಪ್ಪದೆ ಮೇಲಕ್ಕೆ ಹೋಗೋದಕ್ಕೆ ಅಲ್ಲಿ ಬೇರೆ ಹೆಸರೇ ಇದೆ, ಡಿಆರ್‌ಎಸ್.